ಆ್ಯಪ್ ಹಾಕ್ಕೊಂಡ್ಯಾ ಮಗಾ?

ವಿಶ್ವವಿದ್ಯಾಲಯವೊಂದು ತನ್ನದೇ ಆ್ಯಪ್ ಮಾಡಿಸಿತು ಅಂದರೆ ಆ ಸಂಭ್ರಮ ನೋಡಬೇಕು ನೀವು. ದೀಪ, ಹಾರ, ಶಾಲು, ಫೋನ್ ಒತ್ತುವ ಕುಲಪತಿಗಳ ಫೋಟೊ. ಒಳಗೆ ಲೈಬ್ರರಿ ಉಂಟು, ಬಸ್ಸಿನ ವೇಳೆ ಉಂಟು, ಕುಲಪತಿಗಳ ಸಂದೇಶವೂ ಉಂಟು. ಇಲ್ಲದಿರುವುದು ಹುಡುಗರು ಮಾತ್ರ.

ಇದಕ್ಕೊಂದು ಶಾಸ್ತ್ರವೇ ಇದೆ. 1989ರಲ್ಲಿ ಅಮೆರಿಕದ ಫ್ರೆಡ್ ಡೇವಿಸ್ ಎಂಬ ಪುಣ್ಯಾತ್ಮ, ಹೊಸ ತಂತ್ರಜ್ಞಾನವನ್ನು ಜನ ಒಪ್ಪಬೇಕಾದರೆ ಎರಡು ಪ್ರಶ್ನೆ ಕೇಳಿಕೊಳ್ಳುತ್ತಾರೆ ಎಂದ: ಇದರಿಂದ ನನಗೇನು ಲಾಭ? ಬಳಸೋದು ಸಲೀಸಾ? ಎರಡರಲ್ಲಿ ಲಾಭದ್ದೇ ಮೇಲುಗೈಯಂತೆ. ನಿಜವೇ. ರಿಸಲ್ಟ್ ದಿನ ಪೋರ್ಟಲ್ ಮಕಾಡೆ ಮಲಗಿದರೂ ರಾತ್ರಿಯಿಡೀ ರಿಫ್ರೆಶ್ ಒತ್ತುವವರು ಇವರೇ ತಾನೆ?

2003ರಲ್ಲಿ ವಿಶ್ವನಾಥ್ ವೆಂಕಟೇಶ್ ಮತ್ತು ಸಂಗಡಿಗರು (ಡೇವಿಸ್ ಕೂಡ ಅವರಲ್ಲೊಬ್ಬ) ಇನ್ನೆರಡು ಸೇರಿಸಿದರು. ಒಂದು, ಬಳಸಲು ಬೇಕಾದ ಅನುಕೂಲ. ಅಂದರೆ ಹಾಸ್ಟೆಲ್ ವೈಫೈ, ಮತ್ತೆ ಅಕ್ಕನ ಮದುವೆ ವಿಡಿಯೊ ತುಂಬಿದ ಫೋನಿನಲ್ಲಿ ಉಳಿದಿರುವ ಜಾಗ. ಇನ್ನೊಂದು, ಸುತ್ತಲಿನವರ ಪ್ರಭಾವ. ಸುತ್ತಲಿನವರು ಏನಂತಾರೆ? "ಸುಮ್ನಿರು ಮಗಾ, ಸಿಆರ್ ಹಾಕ್ಕೊಂಡಿದಾಳೆ. ಸ್ಕ್ರೀನ್‌ಶಾಟ್ ಗ್ರೂಪ್‌ಗೆ ಬರುತ್ತೆ." ಇಡೀ ಕ್ಲಾಸಿಗೆ ಒಂದೇ ಆ್ಯಪ್, ಮಿಕ್ಕಿದ್ದೆಲ್ಲ ವಾಟ್ಸಾಪು.

ಆದರೆ ಆ ಪಂಡಿತರೇ ಒಂದು ಕೊಕ್ಕೆ ಇಟ್ಟಿದ್ದಾರೆ. ಸುತ್ತಲಿನವರ ಮಾತು ನಾಟುವುದು ಬಳಕೆ ಕಡ್ಡಾಯವಾದಾಗ, ಅದೂ ಹೊಸತರಲ್ಲಿ. ನಮ್ಮ ಕಾಲೇಜುಗಳಿಗೆ ಇದನ್ನು ಯಾರು ಹೇಳಿಕೊಟ್ಟರೋ! ಒಂದು ಬೆಳಿಗ್ಗೆ ನೋಟಿಸ್ ಬಿತ್ತು: ಇನ್ನು ಅಟೆಂಡೆನ್ಸ್ ಆ್ಯಪಿನಲ್ಲೇ. ಸಂಜೆಯೊಳಗೆ ಅಕ್ಕನ ಮದುವೆ ವಿಡಿಯೊ ಡಿಲೀಟು. 75 ಪರ್ಸೆಂಟ್ ಅಟೆಂಡೆನ್ಸಿಗೆ ಶಾರ್ಟೇಜ್ ಬೀಳುವ ಭಯದ ಮುಂದೆ ಲಾಭವೂ ಇಲ್ಲ, ಸಲೀಸೂ ಇಲ್ಲ.

ಕಡ್ಡಾಯ ಮಾಡಿದರೆ ಹುಡುಗರು ಬಗ್ಗುತ್ತಾರೆ ಅಂದುಕೊಂಡಿರಾ? ಬೋರ್ಡಿನ ಮೇಲೆ ಕ್ಯೂಆರ್ ಕೋಡ್ ಬಂದರೆ ಅದರ ಫೋಟೊ ಕ್ಯಾಂಟೀನಿಗೆ ಹೋಗುತ್ತದೆ. ಜಿಪಿಎಸ್ ತಂದರೆ, ಅದಕ್ಕೆ ಸುಳ್ಳು ಹೇಳುವ ಇನ್ನೊಂದು ಆ್ಯಪ್ ಇಳಿಯುತ್ತದೆ. ಅದನ್ನು ಬಳಸಲು ಯಾವ ತರಬೇತಿಯೂ ಬೇಕಿಲ್ಲ, ಉದ್ಘಾಟನೆಯೂ ಬೇಕಿಲ್ಲ.

ನನ್ನದೊಂದು ಪುಕ್ಕಟೆ ಸಲಹೆ. ಕುಲಪತಿಗಳ ಸಂದೇಶ ತೆಗೆದು, ಅಲ್ಲಿ "ಇನ್ನೆಷ್ಟು ಕ್ಲಾಸ್ ಬಂಕ್ ಹೊಡೀಬಹುದು" ಎಂಬ ಬಟನ್ ಇಡಿ. ಒಂದೇ ವಾರದಲ್ಲಿ ಇಡೀ ಕ್ಯಾಂಪಸ್ ಇಳಿಸಿಕೊಳ್ಳದಿದ್ದರೆ ಕೇಳಿ. ಆದರೂ ಒಂದು ಅನುಮಾನ ಇದೆ: 60 ಕ್ಲಾಸಿಗೆ 15 ಅಂತ ಬಾಯಲ್ಲೇ ಲೆಕ್ಕ ಒಪ್ಪಿಸುವವರಿಗೆ ಅದೂ ಬೇಕಾಗಲಿಕ್ಕಿಲ್ಲ. ಇವರೇ ಸ್ಟ್ಯಾಟಿಸ್ಟಿಕ್ಸಿನಲ್ಲಿ ಯಾಕೆ ಡುಮ್ಕಿ ಹೊಡೆಯುತ್ತಾರೋ, ಅದನ್ನು ಡೇವಿಸ್ ಎಲ್ಲೂ ಬರೆದಿಲ್ಲ.