ಗುಟ್ಟಿನ ವೋಟು

ಮತದಾನ ಗುಟ್ಟಿನದು ಅಂತ ಕಾನೂನು ಹೇಳುತ್ತೆ. ಹೇಳಲಿ ಬಿಡಿ, ಕಾನೂನೇನು ನಮ್ಮೂರಲ್ಲಿ ಬಾಳ್ವೆ ಮಾಡಿದೆಯೇ? ಮಂಡ್ಯ ಕಡೆಯ ಹಳ್ಳಿ ನಮ್ಮದು, ಇರೋದೇ ಒಂದು ಬೂತು. ಯಾವ ಮನೆ ಯಾವ ಕಡೆ ಅಂತ ಮೂಗು ಸುರಿಸೋ ಹುಡುಗನನ್ನು ಕೇಳಿದರೂ ಹೇಳುತ್ತಾನೆ. ಬೇಲಿಯಾಚೆಯದು ತೆನೆ ಹೊತ್ತ ಮಹಿಳೆ, ಎದುರು ಮನೆ ಕೈ, ಮೂಲೆಮನೆ ಹುಡುಗರು ಈಚೆಗೆ ಕಮಲ. ನಮ್ಮ ಮನೆಯದನ್ನು ನಾನು ಹೇಳಲ್ಲ. ಬೇಲಿಯಾಚೆಯ ಅಜ್ಜಿಯನ್ನು ಕೇಳಿ, ನನಗಿಂತ ಚೆನ್ನಾಗಿ ಹೇಳುತ್ತಾರೆ.

ಈ ಒಲವೆಲ್ಲ ಪ್ರಣಾಳಿಕೆ ಓದಿ ಬಂದದ್ದಲ್ಲ. ಹೊಲ ಮನೆ ಜೊತೆಗೇ ಪಾಲಿಗೆ ಬಂದದ್ದು. ಅಣ್ಣತಮ್ಮಂದಿರು ಬದುವಿಗೆ ಜಗಳಾಡಿ ಬೇರೆಯಾದರೆ ಮುಂದಿನ ಚುನಾವಣೆಗೆ ಪಕ್ಷವೂ ಎರಡಾಗುತ್ತೆ. ಅಣ್ಣ ಅಲ್ಲಿದ್ದಾನಲ್ಲ, ತಮ್ಮ ಇಲ್ಲಿರೋದಕ್ಕೆ ಅಷ್ಟು ಸಿದ್ಧಾಂತ ಸಾಕು. ಅಜ್ಜಿಯ ತವರಿನವರದು ಹಳೇ ಕಾಂಗ್ರೆಸ್ಸು: ಜೋಡೆತ್ತು, ಪಕ್ಷ ಒಡೆದ ಮೇಲೆ ಹಸು-ಕರು, 1978ರಿಂದೀಚೆಗೆ ಕೈ. ಗಂಡನ ಮನೆಗೆ ಬಂದಾಗ ಮನೆದೇವರ ಜೊತೆ ಗುರುತೂ ಬದಲಾಯಿತು. ನೇಗಿಲು ಹೊತ್ತ ರೈತ, ಆಮೇಲೆ ಚಕ್ರ, ಈಗ ತೆನೆ. "ಎಲ್ಲಾ ಗುರ್ತಿಗೂ ಒತ್ತಿವ್ನಿ ಕಣವ್ವ, ನಮ್ಮ ಚರಂಡಿ ಮಾತ್ರ ಅಲ್ಲೇ ಅದೆ" ಅಂತಾರೆ. ಚರಂಡಿ ಕತೆ ಬೇರೆ ಇದೆ, ಅದನ್ನು ಶುರು ಮಾಡಿದರೆ ಮಧ್ಯಾಹ್ನದ ಮುದ್ದೆ ತಪ್ಪಿಹೋಗುತ್ತೆ.

ಗಳಿಗೆಗೊಂದು ಸಲ ಊರನ್ನು ಬೈಯೋ ನಮ್ಮ ಜನ ವೋಟು ಹಾಕೋದರಲ್ಲಿ ಮಾತ್ರ ಹಿಂದೆ ಬಿದ್ದವರಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಲ್ಲಿ ಶೇ 81 ದಾಟಿತು. ಅದೇ ದಿನ ಬೆಂಗಳೂರು ದಕ್ಷಿಣದಲ್ಲಿ ಶೇ 53ರ ಆಸುಪಾಸು. 2023ರ ವಿಧಾನಸಭೆಗೆ ಮೇಲುಕೋಟೆ ಕ್ಷೇತ್ರ ಶೇ 90 ಮುಟ್ಟಿತ್ತು. ನಗರದವರಿಗೆ ಜಾಗೃತಿ ಸಾಲದು ಅಂತ ಪ್ರತಿ ಸಲ ಪೇಪರಿನಲ್ಲಿ ಬರೆಯುತ್ತಾರೆ. ಜಾಗೃತಿಯಲ್ಲ ಸ್ವಾಮಿ, ಅಲ್ಲಿ ಬೇಲಿ ಇಲ್ಲ. ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯವನು ಬೂತಿಗೆ ಹೋದನೋ, ನಂದಿಬೆಟ್ಟಕ್ಕೆ ಹೋದನೋ ಯಾರು ನೋಡಿದರು? ನಮ್ಮಲ್ಲಿ ವೋಟು ಅಂದರೆ ಮದುವೆ ಮುಯ್ಯಿ ಇದ್ದ ಹಾಗೆ. ಎಷ್ಟು ಬರೆಸಿದೆ ಅನ್ನೋದು ಆಮೇಲೆ, ಬಂದಿದ್ದೆಯಾ ಇಲ್ಲವಾ ಅನ್ನೋದು ಮೊದಲು.

ಮತದಾನದ ದಿನ ಸ್ಕೂಲಿನ ಕೋಣೆಯೊಳಗೆ ಏಜೆಂಟರು ಕೂತಿರುತ್ತಾರಲ್ಲ, ಅವರ ಕೈ ನೋಡಬೇಕು. ಪಟ್ಟಿಯ ಮೇಲೆ ಸ್ಕೇಲು ಇಟ್ಟುಕೊಂಡು, ಅಧಿಕಾರಿ ಹೆಸರು ಓದುತ್ತಿದ್ದಂತೆ ಪೆನ್ಸಿಲ್ಲಿನಲ್ಲಿ ಒಂದು ಗೀಟು. ಬೆರಳಿಗೆ ಮೈಸೂರಿನ ಬಣ್ಣದ ಕಾರ್ಖಾನೆಯ ಶಾಯಿ ಬೀಳೋ ಮುಂಚೆಯೇ ನಿಮ್ಮ ಹೆಸರಿಗೆ ಗೀಟು ಬಿದ್ದಿರುತ್ತೆ. ಮಧ್ಯಾಹ್ನ ಮೂರರ ಹೊತ್ತಿಗೆ ಗೀಟಿಲ್ಲದ ಹೆಸರುಗಳ ಚೀಟಿ ಹೊರಗೆ ಬರುತ್ತೆ, ಬೈಕುಗಳು ಹೊರಡುತ್ತವೆ. "ಯಾಕಕ್ಕ, ಹುಷಾರಿಲ್ವಾ?" ಅಂತ ಬಾಗಿಲಲ್ಲಿ ನಿಂತವನಿಗೆ ನಿಮ್ಮ ಆರೋಗ್ಯದ ಮೇಲೆ ಅಂಥ ಕಾಳಜಿ ಐದು ವರ್ಷಕ್ಕೊಮ್ಮೆ ಹುಟ್ಟುತ್ತೆ. ಮತದಾರರನ್ನು ಬಾಡಿಗೆ ಗಾಡಿಯಲ್ಲಿ ಕರಕೊಂಡು ಹೋದರೆ ಚುನಾವಣಾ ಭ್ರಷ್ಟಾಚಾರವಾಗುತ್ತೆ. ಬೈಕು ಭಾವಮೈದನದಾದರೆ ಬಾಡಿಗೆ ಎಲ್ಲಿಂದ ಬಂತು?

ಸಂತೇಮರಹಳ್ಳಿ ಕತೆ ಗೊತ್ತಲ್ಲ, 2004ರದು? 40,751 ವೋಟು ತಗೊಂಡವರು 40,752 ತಗೊಂಡವರ ಎದುರು ಸೋತರು. ಸೋತವರ ಕಾರು ಓಡಿಸೋನಿಗೇ ಆವತ್ತು ವೋಟು ಹಾಕೋಕೆ ಬಿಡುವಾಗಲಿಲ್ಲ ಅನ್ನೋ ಮಾತನ್ನು ಇವತ್ತಿಗೂ ಬೈಕಿನ ಹುಡುಗರು ಬಾಗಿಲಿಗೆ ಬಂದು ಹೇಳುತ್ತಾರೆ. ಆ ಕತೆ ಕೇಳಿಯೇ ಅರ್ಧ ಜನ ಚಪ್ಪಲಿ ಮೆಟ್ಟುತ್ತಾರೆ.

ಇಷ್ಟಾದ ಮೇಲೆ ಎಣಿಕೆಯ ಸಂಗತಿ. ಬ್ಯಾಲೆಟ್ ಕಾಗದದ ಕಾಲದಲ್ಲಿ ಬೇರೆ ಬೇರೆ ಬೂತಿನ ಚೀಟಿ ಬೆರೆಸಿ ಎಣಿಸೋಕೆ ಅವಕಾಶವಿತ್ತು, ಯಾವ ಊರು ಯಾರಿಗೆ ಕೈ ಕೊಟ್ಟಿತು ಅಂತ ಪತ್ತೆ ಕಷ್ಟ. ಯಂತ್ರ ಬಂದ ಮೇಲೆ ಬೂತುವಾರು ಲೆಕ್ಕ ಕಾಗದದ ಮೇಲೆಯೇ ಸಿಗುತ್ತೆ. ನಮ್ಮಂಥ ಒಂದೇ ಬೂತಿನ ಊರಿಗೆ ಅದು ಜಾತಕ. ಗೆದ್ದವರು ಅದನ್ನು ನೋಡಿಯೇ ರಸ್ತೆಗೆ ಡಾಂಬರು ಹಾಕಿಸೋದು ಅಂತ ಅಜ್ಜಿಯ ಗುಮಾನಿ, ನನ್ನದೂ ಅದೇ. ಹಲವು ಬೂತುಗಳನ್ನು ಒಟ್ಟುಗೂಡಿಸಿ ಎಣಿಸೋ ಟೋಟಲೈಸರ್ ಅನ್ನೋ ಸಾಧನ ತರೋಣ ಅಂತ ಚುನಾವಣಾ ಆಯೋಗ 2008ರಲ್ಲೇ ಹೇಳಿತು, 2015ರಲ್ಲಿ ಕಾನೂನು ಆಯೋಗವೂ ಹೌದು ಅಂದಿತು. ಹೇಳಿದ್ದು ಹೇಳಿದಲ್ಲೇ ಇದೆ.

ವೋಟು ಹಾಕದೇ ಇರೋದೂ ಹಳ್ಳಿಯಲ್ಲಿ ಒಬ್ಬರ ಕೆಲಸವಲ್ಲ. ಮಲೆಮಹದೇಶ್ವರ ಬೆಟ್ಟದ ಮಗ್ಗುಲಿನ ಇಂಡಿಗನತ್ತದವರು ರಸ್ತೆ, ನೀರು ಇಲ್ಲ ಅಂತ 2024ರಲ್ಲಿ ಬಹಿಷ್ಕಾರ ಹಾಕಿದರು. ಮನವೊಲಿಸಲು ಹೋದವರ ಜೊತೆ ಜಟಾಪಟಿಯಾಗಿ ಮತಯಂತ್ರ ಪುಡಿಯಾಯಿತು. ಏಪ್ರಿಲ್ 29ಕ್ಕೆ ಮರುಮತದಾನ ಇಟ್ಟರೆ ಐನೂರು ದಾಟಿದ ಮತದಾರರಲ್ಲಿ ಬಂದವರು ನೂರರೊಳಗೆ. ಬೂತಿಗೆ ಹೋದವನನ್ನು ನೋಡೋ ಬೇಲಿಯೇ ಅಲ್ಲಿ ಹೋಗದವನನ್ನೂ ಕಾದಿತು ಅಂತ ನನಗನ್ನಿಸುತ್ತೆ. ಕೆಲವರಿಗೆ ಹೋಗೋ ಮನಸ್ಸಿತ್ತೇನೋ, ಯಾರು ಬಾಯಿಬಿಟ್ಟಾರು?

ಗ್ರಾಮ ಪಂಚಾಯಿತಿಯದು ಇನ್ನೊಂದು ಚಂದ. ಅಲ್ಲಿ ಪಕ್ಷದ ಗುರುತೇ ಇಲ್ಲ. ಆಟೋ, ಹೊಲಿಗೆ ಯಂತ್ರ, ಅಂಥವು. ಆದರೂ ಆಟೋ ಯಾವ ಪಕ್ಷದ್ದು, ಹೊಲಿಗೆ ಯಂತ್ರ ಯಾವುದರದು ಅಂತ ಸಂಜೆಯೊಳಗೆ ಗೊತ್ತಾಗಿರುತ್ತೆ. ಅರ್ಧದಷ್ಟು ಸ್ಥಾನ ಹೆಂಗಸರಿಗೆ ಅಂತ ಬೇರೆ ಇದೆಯಲ್ಲ, ಹೋದವಾರ ಅಜ್ಜಿ ಬೇಲಿಯ ಮೇಲಿಂದ ಸೋರೆಕಾಯಿ ದಾಟಿಸುತ್ತಾ, "ನಮ್ಮ ವಾರ್ಡು ಮೀಸಲು ಬಂದ್ರೆ ನೀನೇ ನಿಂತ್ಕೊ" ಅಂದರು. ನಿಲ್ಲಬಹುದು. ನನ್ನ ಗಂಡನ ವೋಟು ನನಗೇ ಬೀಳುತ್ತೆ ಅನ್ನೋ ಗ್ಯಾರಂಟಿ ಮಾತ್ರ ಇಲ್ಲ; ಆಕಡೆ ನಿಲ್ಲೋರು ಅವರ ಸೋದರತ್ತೆ ಮಗಳು.