ಸೋರಿಕಾ ಮೀಮಾಂಸೆ: ಚಾವಣಿಯ ಆಯುಷ್ಯ ಮತ್ತು ಅಂತ್ಯಕಾಲದ ಲಕ್ಷಣಗಳು

ಮಳೆ, ಬಿಸಿಲು ಮತ್ತು ತೆಂಗಿನಕಾಯಿ ನೇರವಾಗಿ ತಲೆಯ ಮೇಲೆ ಬೀಳದಂತೆ ಗೋಡೆಗಳ ಮೇಲೆ ಹೊದಿಸುವ ಪದಾರ್ಥಕ್ಕೆ ಚಾವಣಿ ಎಂದು ಹೆಸರು. ಈ ಶಬ್ದವನ್ನು ಅಲ್ಪಪ್ರಾಣದಿಂದ ಬರೆಯಬೇಕೋ ಮಹಾಪ್ರಾಣದಿಂದ ಬರೆಯಬೇಕೋ ಎಂಬುದರಲ್ಲಿ ಬರೆಯುವವರಿಗೆ ಒಮ್ಮತವಿಲ್ಲ. ಹೊಸದಾಗಿ ಹೊದಿಸಿದಾಗ ಛಾವಣಿ, ಸೋರತೊಡಗಿದ ಮೇಲೆ ಚಾವಣಿ ಎಂದು ಇತ್ಯರ್ಥ ಮಾಡಿಕೊಂಡರೆ ವ್ಯಾಕರಣಕ್ಕೂ ವಸ್ತುಸ್ಥಿತಿಗೂ ಒಟ್ಟಿಗೇ ನ್ಯಾಯ ದೊರೆಯುತ್ತದೆ. ಈ ಪ್ರಬಂಧದ ವಿಷಯ ಆಯುಷ್ಯಕ್ಷಯವಾದ್ದರಿಂದ ಇಲ್ಲಿ ಅಲ್ಪಪ್ರಾಣವನ್ನೇ ಬಳಸಲಾಗಿದೆ. ಕರಾವಳಿಯವರು ಇದನ್ನೇ ಮಾಡು ಎನ್ನುತ್ತಾರೆ, ಉತ್ತರದ ಬಯಲುಸೀಮೆಯವರು ಮಾಳಿಗೆ ಎನ್ನುತ್ತಾರೆ, ಮೈಸೂರಿನ ಕಡೆ ತಾರಸಿ. ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ಬರೇ 'ಮೋಲ್ಡ್'. ನಾಮಪದ ಇಷ್ಟು ಬಗೆಯಾದರೂ ಕ್ರಿಯಾಪದ ಮಾತ್ರ ಎಲ್ಲ ಕಡೆಯೂ 'ಸೋರು' ಎಂಬುದೊಂದೇ. ಕರ್ನಾಟಕ ಒಂದಾದದ್ದು 1956ರಲ್ಲಿ. ಈ ಧಾತುವಿನ ಮಟ್ಟಿಗೆ ಏಕೀಕರಣ ಬಹಳ ಮುಂಚೆಯೇ ಆಗಿಹೋಗಿತ್ತು.

ಚಾವಣಿಯ ಪರೀಕ್ಷೆ ಎಷ್ಟು ಕಠಿಣವೆಂಬುದು ಲೆಕ್ಕ ಹಾಕಿದರೆ ಮಾತ್ರ ತಿಳಿಯುತ್ತದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ಮಂಗಳೂರಿಗೆ ವರ್ಷಕ್ಕೆ 3,500 ಮಿ.ಮೀ. ಎಂದು ಕೈಬಿಗಿಹಿಡಿದು ಲೆಕ್ಕ ಹಾಕಿದರೂ 100 ಚದರ ಮೀಟರಿನ ಮಾಡಿನ ಮೇಲೆ ಮೂರೂವರೆ ಲಕ್ಷ ಲೀಟರ್ ಸುರಿಯುತ್ತದೆ. ಅದರಲ್ಲಿ ನೂರಕ್ಕೆ 99 ಪಾಲನ್ನು ನಿಷ್ಠೆಯಿಂದ ಅಂಗಳಕ್ಕೆ ಇಳಿಸಿ ಒಂದೇ ಒಂದು ಪಾಲನ್ನು ಒಳಗೆ ಬಿಟ್ಟ ಮಾಡು ಮನೆಗೆ ತರುವ ನೀರು 3,500 ಲೀಟರ್. 14 ಲೀಟರಿನ ಬಕೆಟಿನಲ್ಲಿ 250 ಬಕೆಟ್. ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ 99 ತೆಗೆದ ಹುಡುಗಿಯ ಫೋಟೊ ಫ್ಲೆಕ್ಸಿನಲ್ಲಿ ಬಸ್‌ಸ್ಟ್ಯಾಂಡಿನೆದುರು ನಿಲ್ಲುತ್ತದೆ. ಅಷ್ಟೇ ಅಂಕ ತೆಗೆದ ಮಾಡಿಗೆ ಸಿಗುವುದು ಬೈಗುಳ. ವರ್ಷಕ್ಕೆ 7,000 ಮಿ.ಮೀ. ದಾಟುವ ಆಗುಂಬೆಯಲ್ಲಿ ಇದೇ ಪ್ರಶ್ನೆಪತ್ರಿಕೆ ಎರಡು ಸಲ.

ಚಾವಣಿಯ ಮರಣ ಮೇಲಿನಿಂದ ಬರುತ್ತದೆ ಎಂಬುದು ಲೋಕದ ನಂಬಿಕೆ. ಆದ್ದರಿಂದಲೇ ಸೋರಿದೊಡನೆ ಯಾರಾದರೊಬ್ಬರು ಏಣಿ ತರುತ್ತಾರೆ. ಚಾವಣಿಗೆ ಸಾವು ಬರುವುದು ಬಹುಮಟ್ಟಿಗೆ ಕೆಳಗಿನಿಂದ, ಹೊತ್ತವರಿಂದ ಮತ್ತು ಒಳಗಿದ್ದವರಿಂದ ಎಂಬುದು ಈ ಪ್ರಬಂಧದ ಸಿದ್ಧಾಂತ. ಇನ್ನು ಒಂದೊಂದಾಗಿ ಪರಿಶೀಲಿಸಬಹುದು.

ಆಯುಷ್ಯದಲ್ಲಿ ಎಲ್ಲಕ್ಕಿಂತ ಕಿರಿಯದು ಹುಲ್ಲಿನ ಮಾಡು. ಅಡಿಕೆ ಸೋಗೆಗೆ ಒಂದು ಮಳೆಗಾಲ, ಹೆಚ್ಚೆಂದರೆ ಎರಡು. ಹೆಣೆದ ತೆಂಗಿನ ಮಡಲಿಗೂ ಭತ್ತದ ಹುಲ್ಲಿಗೂ ಹೆಚ್ಚುಕಡಿಮೆ ಅಷ್ಟೇ. ಮುಳಿಹುಲ್ಲನ್ನು ದಪ್ಪವಾಗಿ, ಕಡಿದಾದ ಇಳಿಜಾರಿನಲ್ಲಿ ಹೊದಿಸಿದರೆ ಮೂರು ನಾಲ್ಕು ವರ್ಷಕ್ಕೆ ಮೋಸವಿಲ್ಲ. ಬರಗಾಲದಲ್ಲಿ ಸೂರಿನ ತುದಿಯನ್ನು ದನ ಎಳೆದು ತಿನ್ನುವುದರಿಂದ, ಮೇವೂ ಆಗಬಲ್ಲ ಏಕೈಕ ಚಾವಣಿ ಎಂಬ ಖ್ಯಾತಿಯೂ ಇದಕ್ಕಿದೆ. ಹುಲ್ಲಿನ ಮಾಡನ್ನು ಕಾಪಾಡುತ್ತಿದ್ದದ್ದು ಸೌದೆ ಒಲೆಯ ಹೊಗೆ. ಅದು ಹುಲ್ಲಿನ ತೇವವನ್ನು ಒಣಗಿಸಿ, ಹುಳುಗಳನ್ನು ಓಡಿಸಿ, ಮಾಡನ್ನು ಹೊತ್ತ ಪಕಾಸುಗಳಿಗೆ ಇಲ್ಲಣದ ಲೇಪ ಕೊಡುತ್ತಿತ್ತು. ಅಡುಗೆಮನೆಗೆ ಗ್ಯಾಸ್ ಸಿಲಿಂಡರ್ ಬಂದ ದಿನ ಗೃಹಿಣಿಯ ಕಣ್ಣುರಿ ನಿಂತಿತು, ಗೆದ್ದಲಿನ ಕೆಮ್ಮೂ ನಿಂತಿತು. ಸಿದ್ಧಾಂತಕ್ಕೆ ಇದು ಮೊದಲ ಪ್ರಮಾಣ.

ಎರಡನೆಯದು ಮಣ್ಣಿನ ಮಾಳಿಗೆ. ಗದಗ, ವಿಜಯಪುರದ ಕಡೆ ಮಳೆ ವರ್ಷಕ್ಕೆ 600 ಮಿ.ಮೀ. ಆಸುಪಾಸು; ಅಲ್ಲಿ ಇಳಿಜಾರಿನ ಅಗತ್ಯವಿಲ್ಲ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ, ಸೊಪ್ಪು, ಅದರ ಮೇಲೆ ಮಣ್ಣು, ನಡುವೆ ಒಂದು ಬೆಳಕಿಂಡಿ. ಬೇಸಿಗೆಯಲ್ಲಿ ಇದರ ಕೆಳಗೆ ತಂಪು, ಮೇಲೆ ಮೆಣಸಿನಕಾಯಿ. ಮುಂಗಾರಿಗೆ ಮುನ್ನ ಮಾಳಿಗೆಗೆ ಸವಳು ಮಣ್ಣು ಹಾಕುವ ಪದ್ಧತಿಯಲ್ಲಿ ಗಟ್ಟಿಯಾದ ರಸಾಯನಶಾಸ್ತ್ರವಿದೆ. ಸೋಡಿಯಂ ಹೆಚ್ಚಿದ ಮಣ್ಣಿಗೆ ನೀರು ತಾಗಿದರೆ ಜೇಡಿಯ ಕಣಗಳು ಚದುರಿ, ಸಂದುಗಳಲ್ಲಿ ಕೂತು, ದಾರಿ ಮುಚ್ಚುತ್ತವೆ. ಬೆಳೆಗೆ ಶಾಪವಾದ ನೆಲ ಮಾಳಿಗೆಗೆ ವರ. ಹೊಲದಲ್ಲಿದ್ದಾಗ ಬೈಸಿಕೊಂಡ ಮಣ್ಣು ಮನೆಯ ಮೇಲೇರಿ ಮರ್ಯಾದೆ ಪಡೆಯುವ ಉದಾಹರಣೆ ಸಾರ್ವಜನಿಕ ಜೀವನದಲ್ಲೂ ಇಲ್ಲದಿಲ್ಲ.

ತೊಡಕಿರುವುದು ಭಕ್ತಿಯಲ್ಲಿ. 20 ಅಡಿಗೆ 20 ಅಡಿಯ ಮಾಳಿಗೆಯ ಮೇಲೆ ಒಂದಂಗುಲ ಮಣ್ಣು ಹರವಿದರೆ ಸುಮಾರು ಒಂದೂವರೆ ಟನ್ ಭಾರ. ಅಜ್ಜ ಒಂದಂಗುಲ, ಅಪ್ಪ ಒಂದಂಗುಲ, ಮಗ ಒಂದಂಗುಲ ಎಂದು ಹಳೆಯದನ್ನು ಕೆರೆದು ತೆಗೆಯದೆ ಹೊಸದನ್ನು ಹೇರುತ್ತ ಹೋದರೆ, ಮಾಳಿಗೆ ಸೋರುವ ಮೊದಲೇ ತೊಲೆ ಬಾಗುತ್ತದೆ. ಅತಿಯಾದ ಆರೈಕೆಯಿಂದ ಸಾಯುವ ಚಾವಣಿ ಇದೊಂದೇ. ಹಾವೇರಿ ಜಿಲ್ಲೆಯ ಶಿಶುನಾಳದ ಷರೀಫರು ಮಾಳಿಗೆ ಸೋರುವುದನ್ನೇ ತತ್ತ್ವಪದವಾಗಿ ಹಾಡಿದವರು. ವ್ಯಾಖ್ಯಾನಕಾರರು ಆ ಮಾಳಿಗೆಯನ್ನು ದೇಹವೆಂದೂ ಮನಸ್ಸೆಂದೂ ಸಂಸಾರವೆಂದೂ ಬಿಡಿಸಿದ್ದಾರೆ. ಮಾಳಿಗೆ ಎಂದರೆ ಮಾಳಿಗೆಯೂ ಇದ್ದೀತು ಎಂಬ ಪಕ್ಷವನ್ನು ಹಿಡಿದ ವಿದ್ವಾಂಸರು ಕಡಿಮೆ. ಅವರ ಮನೆಗಳಿಗೆಲ್ಲ ಮೋಲ್ಡ್ ಇದ್ದಿರಬೇಕು.

ಹಂಚಿನ ವಿಷಯದಲ್ಲಿ ಶಾಸ್ತ್ರ ವಿಸ್ತಾರವಾಗುತ್ತದೆ. ಕುಂಬಾರರು ತಿಗರಿಯಲ್ಲಿ ಮಾಡುತ್ತಿದ್ದ ನಾಡಹಂಚನ್ನು ಒಂದರ ಮೇಲೊಂದು ಒರಗಿಸುವುದಷ್ಟೇ. ಬೆಕ್ಕು ನಡೆದರೂ ಸರಿದೀತು. ಆದ್ದರಿಂದ ವರ್ಷಕ್ಕೊಮ್ಮೆ ಕೈಯಾಡಿಸಲೇಬೇಕು. ಒಂದಕ್ಕೊಂದು ಕೊಂಡಿಯಾಗಿ ಕೂರುವ ಹಂಚಿಗೆ 1841ರಲ್ಲಿ ಫ್ರಾನ್ಸಿನ ಅಲ್ಸೇಸ್ ಪ್ರಾಂತದ ಗಿಲಾರ್ಡೋನಿ ಸೋದರರು ಪೇಟೆಂಟ್ ಪಡೆದರು. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿಯ ಜೇಡಿಮಣ್ಣು ಹಡಗು ಹತ್ತಿ ಪರದೇಶ ಕಂಡಿತು. ಆತ್ಮಗಳ ರಕ್ಷಣೆಗೆಂದು ಬಂದವರು ತಲೆಗಳ ರಕ್ಷಣೆಯಲ್ಲಿ ಹೆಚ್ಚು ಯಶಸ್ಸು ಕಂಡರೆಂಬುದಕ್ಕೆ ಕರಾವಳಿಯ ಯಾವ ಗುಡ್ಡ ಹತ್ತಿ ನೋಡಿದರೂ ಸಾಕ್ಷಿ ಸಿಗುತ್ತದೆ.

ಚೆನ್ನಾಗಿ ಬೆಂದ ಮಂಗಳೂರು ಹಂಚು ನೂರು ವರ್ಷ ಬಾಳುವುದುಂಟು. ಬೆರಳ ಗೆಣ್ಣಿನಿಂದ ತಟ್ಟಿದಾಗ ಟಣ್ ಎಂದರೆ ಬೆಂದದ್ದು, ದಬ್ ಎಂದರೆ ಅರೆಬೆಂದದ್ದು. ಆದರೆ ಹಂಚು ನೂರು ಬಾಳಿತೆಂದು ಮಾಡು ನೂರು ಬಾಳುವುದಿಲ್ಲ. ಚದರ ಮೀಟರಿಗೆ ಹದಿನೈದರಷ್ಟು ಹಂಚು, ಒಂದೊಂದೂ ಎರಡೂವರೆ ಕಿಲೋ ಆಸುಪಾಸು. ಈ ಭಾರ ಹೊತ್ತ ರೀಪು ಅದಕ್ಕಿಂತ ಬಹಳ ಮುಂಚೆಯೇ ಗೆದ್ದಲಿಗೋ ತೇವಕ್ಕೋ ಸೋಲುತ್ತದೆ. ಪಕಾಸು ಹಲಸಿನದಾದರೆ ಮೊಮ್ಮಗನ ಕಾಲದವರೆಗೆ, ಸಿಕ್ಕಿದ ಕಾಡುಮರದ್ದಾದರೆ ಸಾಲ ತೀರುವವರೆಗೆ. ಹೀಗಾಗಿ ಹಂಚಿನ ಮಾಡನ್ನು 'ಬದಲಿಸುವುದು' ಎಂದರೆ ಹಂಚನ್ನು ಬಿಟ್ಟು ಉಳಿದದ್ದನ್ನು ಬದಲಿಸುವುದು. ಹಂಚನ್ನು ಇಳಿಸಿ, ತೊಳೆದು, ಒಡೆದದ್ದನ್ನು ಎಣಿಸಿ, ಮತ್ತೆ ಅದೇ ಜಾಗಕ್ಕೆ ಏರಿಸಬೇಕು. ಈಚೆಗೆ ಹಳೆಯ ಮನೆ ಕೆಡವಿದಲ್ಲಿ ಇಂಥ ಹಂಚನ್ನು ಹೋಮ್‌ಸ್ಟೇಗಳವರು ಕೊಂಡೊಯ್ದು ಕಾಂಕ್ರೀಟಿನ ಇಳಿಜಾರಿಗೆ ಅಂಟಿಸುತ್ತಾರೆ. ನಿವೃತ್ತರಾದ ಹೆಡ್‌ಮಾಸ್ತರರನ್ನು ಶಾಲಾ ವಾರ್ಷಿಕೋತ್ಸವದ ವೇದಿಕೆಯಲ್ಲಿ ಕೂರಿಸುವುದಕ್ಕೂ ಇದಕ್ಕೂ ಹೋಲಿಕೆಯಿದೆ.

ಈ ಹಂಚಿನ ಪ್ರಧಾನ ಶತ್ರು ಮಂಗ. ಶತ್ರುವಿನ ಹೆಸರು ಊರಿನ ಹೆಸರಿನ ಮೊದಲೆರಡು ಅಕ್ಷರಗಳಲ್ಲೇ ಅಡಗಿದೆ. ಭಾಷಾಶಾಸ್ತ್ರದ ಪ್ರಕಾರ ಇದು ಆಕಸ್ಮಿಕ, ಮಲೆನಾಡಿನವರ ಪ್ರಕಾರ ಅಲ್ಲ. ಒಡೆದ ಹಂಚಿನಿಂದ ವಿಜ್ಞಾನಕ್ಕೆ ಒಂದು ಉಪಕಾರವೂ ಆಗಿದೆ. ಸಣ್ಣ ತೂತಿನಿಂದ ನೆಲಕ್ಕೆ ಬೀಳುವ ದುಂಡು ಬೆಳಕು ತೂತಿನ ಆಕಾರವಲ್ಲ, ಸೂರ್ಯನ ಬಿಂಬ. 2019ರ ಡಿಸೆಂಬರ್ 26ರಂದು ಮಂಗಳೂರಿನಲ್ಲಿ ಕಂಕಣ ಸೂರ್ಯಗ್ರಹಣವಾದಾಗ, ತೂತುಬಿದ್ದ ಮಾಡಿನ ಕೆಳಗೆ ಕೂತವರಿಗೆ ಕನ್ನಡಕವಿಲ್ಲದೆ, ಖರ್ಚಿಲ್ಲದೆ ನೆಲದ ತುಂಬ ಬಳೆಗಳನ್ನು ನೋಡುವ ಯೋಗವಿತ್ತು. ದುರಸ್ತಿ ಮಾಡಿಸಿಕೊಂಡವರು ಇದರಿಂದ ವಂಚಿತರಾದರು.

ಕಲ್ಲಿನ ಬಗ್ಗೆ ಹೆಚ್ಚು ಹೇಳುವಂತಿಲ್ಲ. ಐಹೊಳೆಯ ಲಾಡಖಾನ್ ಗುಡಿಯ ಇಳಿಜಾರು ಚಪ್ಪಡಿಗಳ ಸಂದುಗಳನ್ನು ಮರದ ದಿಮ್ಮಿಯಂತೆ ಕಾಣುವ ಉದ್ದನೆಯ ಕಲ್ಲಿನಿಂದ ಮುಚ್ಚಲಾಗಿದೆ. ಸಾವಿರದ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಹೋದರೂ ಅದರ ಬದಲಾವಣೆಯ ಪ್ರಶ್ನೆ ಎದ್ದಿಲ್ಲ. ಚಾವಣಿ ಬದಲಿಸಬೇಕೆನ್ನುವ ಸಂಸಾರಸ್ಥರು ಅದರ ಕೆಳಗೆ ಇಲ್ಲದಿರುವುದೂ ಒಂದು ಕಾರಣವಿರಬಹುದು. ಜಂತಿಯ ಮೇಲೆ ಇಟ್ಟಿಗೆ ಜೋಡಿಸಿ, ಸುಣ್ಣದ ಗಾರೆ ಬಡಿದು ಕೂರಿಸಿದ ಮದ್ರಾಸ್ ತಾರಸಿಯೂ ನೂರರ ಗಡಿ ಮುಟ್ಟಬಲ್ಲದು. ಅದರ ಕೊನೆಗಾಲವೂ ಜಂತಿಯ ತುದಿ ಗೋಡೆಯೊಳಗೆ ತೇವ ಹೀರಿ ಕೊಳೆಯುವುದರಿಂದ ಆರಂಭವಾಗುತ್ತದೆ. ಕೆಳಗಿನಿಂದ, ಮತ್ತೆ.

ಶೀಟುಗಳಲ್ಲಿ ಎರಡು ಜಾತಿ. ಸುಕ್ಕುಗಟ್ಟಿದ ಕಬ್ಬಿಣದ ತಗಡಿಗೆ ಲಂಡನ್ನಿನಲ್ಲಿ ಹೆನ್ರಿ ಪಾಮರ್ ಪೇಟೆಂಟ್ ಪಡೆದದ್ದು 1829ರಲ್ಲಿ. ಮೈಮೇಲಿನ ಸತುವಿನ ಲೇಪ ಇರುವವರೆಗೆ ಅದರ ಆಯುಷ್ಯ. ಒಳನಾಡಿನಲ್ಲಿ ಇಪ್ಪತ್ತು ವರ್ಷ ದಾಟಬಹುದು, ಕಡಲ ಗಾಳಿಗೆ ಅದರರ್ಧವೂ ಕಷ್ಟ. ಮಳೆ ಬಂದಾಗ ಇದರ ಕೆಳಗೆ ಮಾತು ಕೇಳಿಸದಿರುವುದನ್ನು ಕೆಲವು ಸಂಸಾರಗಳು ಗುಣವೆಂದೇ ಎಣಿಸಿವೆ. ಎರಡನೆಯದು ಕಲ್ನಾರು ಶೀಟು. ಸುಮಾರು 1900ರಲ್ಲಿ ಇದನ್ನು ಕಂಡುಹಿಡಿದ ಆಸ್ಟ್ರಿಯದ ಲುಡ್ವಿಗ್ ಹಾಚೆಕ್, ಶಾಶ್ವತತೆ ಎಂಬರ್ಥದ ಲ್ಯಾಟಿನ್ ಪದದಿಂದ 'ಎಟರ್ನಿಟ್' ಎಂದು ಹೆಸರಿಟ್ಟ. ಚಾವಣಿಗಿಂತ ಅದರ ನಾರೇ ಹೆಚ್ಚು ಶಾಶ್ವತವಾಗಿತ್ತು. ಒಡೆದಾಗ, ಕೊರೆದಾಗ ಏಳುವ ಧೂಳು ಶ್ವಾಸಕೋಶ ಸೇರಿದರೆ ಹೊರಗೆ ಬರುವುದಿಲ್ಲ, ಕ್ಯಾನ್ಸರಿಗೆ ಕಾರಣವಾಗುತ್ತದೆ. 50ಕ್ಕೂ ಹೆಚ್ಚು ದೇಶಗಳು ಕಲ್ನಾರನ್ನು ನಿಷೇಧಿಸಿವೆ. ಹಳೆಯ ಕಲ್ನಾರು ಶೀಟನ್ನು ಸುತ್ತಿಗೆಯಿಂದ ಪುಡಿಮಾಡಿ ಇಳಿಸದೆ, ನೀರು ಚಿಮುಕಿಸಿ, ಇಡಿಯಾಗಿ ಬಿಚ್ಚಿ ಇಳಿಸಬೇಕು. ಇಲ್ಲಿ ಪ್ರಬಂಧ ಅಣಕಿಸುತ್ತಿಲ್ಲ.

ಇನ್ನು ಯುಗಪುರುಷನಾದ ಕಾಂಕ್ರೀಟು. ಕಬ್ಬಿಣದ ಬಲೆಗೆ ಸಿಮೆಂಟು ಬಳಿಯುವ ವಿಧಾನಕ್ಕೆ 1867ರಲ್ಲಿ ಪೇಟೆಂಟ್ ಪಡೆದ ಫ್ರಾನ್ಸಿನ ಜೋಸೆಫ್ ಮೋನಿಯೆ ಎಂಜಿನಿಯರನಲ್ಲ, ತೋಟಗಾರ. ಅವನು ಮಾಡಿದ್ದು ಚಾವಣಿಯಲ್ಲ, ಗಿಡದ ಕುಂಡ. ಕುಂಡದ ತಳದಲ್ಲಿ ನೀರಿಳಿಯಲು ತೂತಿರಬೇಕೆಂಬುದು ತೋಟಗಾರಿಕೆಯ ಮೊದಲ ಪಾಠ. ಆರ್‌ಸಿಸಿ ತಾರಸಿಗಳು ತಮ್ಮ ವಂಶದ ಈ ಸಂಸ್ಕಾರವನ್ನು ಮರೆತಿಲ್ಲ.

ಒಳ್ಳೆಯ ಕಾಂಕ್ರೀಟು 50-60 ವರ್ಷ ಬಾಳಬೇಕು. ಸರಳಿನ ಸುತ್ತ ಕಾಂಕ್ರೀಟಿನ ಕ್ಷಾರಗುಣ ಇರುವವರೆಗೆ ತುಕ್ಕು ಹಿಡಿಯುವುದಿಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ನಿಧಾನವಾಗಿ ಒಳಸರಿದು ಆ ಕ್ಷಾರವನ್ನು ಕೊಲ್ಲುತ್ತದೆ. ತೇವ ಸೇರಿದರೆ ಸರಳು ತುಕ್ಕಾಗಿ, ಮೂಲದ ಎರಡರಿಂದ ಆರು ಪಟ್ಟು ಉಬ್ಬಿ, ತಳದ ಕಾಂಕ್ರೀಟನ್ನು ಒದ್ದು ಉದುರಿಸುತ್ತದೆ. ಆದ್ದರಿಂದ ಸರಳಿನ ಕೆಳಗೆ ಕನಿಷ್ಠ 20 ಮಿ.ಮೀ. ಕಾಂಕ್ರೀಟಿನ ಹೊದಿಕೆ ಇರಬೇಕೆಂದೂ ಕಡಲ ಹವೆಯಲ್ಲಿ ಅದು ಇನ್ನೂ ಹೆಚ್ಚಬೇಕೆಂದೂ ಭಾರತೀಯ ಮಾನಕ 456 ಹೇಳುತ್ತದೆ. ಮೋಲ್ಡ್ ಹಾಕುವ ದಿನ ಸರಳಿನ ಅಡಿಗೆ ಯಾರೋ ಇಟ್ಟ ಜಲ್ಲಿಕಲ್ಲು ಇನ್ಯಾರದೋ ಕಾಲು ತಾಗಿ ಸರಿದಿರುತ್ತದೆ. ಆ ಹೊತ್ತಿಗೆ ಮನೆಯೊಡೆಯ ಕೆಲಸದವರ ಊಟದ ವ್ಯವಸ್ಥೆಯಲ್ಲಿರುತ್ತಾನೆ. ಮುಂದಿನ 30 ವರ್ಷಗಳ ಭವಿಷ್ಯ ಆ ಜಲ್ಲಿಕಲ್ಲಿನಲ್ಲಿತ್ತೆಂಬುದು ಹಾಸಿಗೆಯ ಮೇಲೆ ಗಾರೆ ಬಿದ್ದಾಗ ತಿಳಿಯುತ್ತದೆ.

ತಾರಸಿಯ ಅಂಚಿನಲ್ಲಿ ಆಕಾಶಕ್ಕೆ ಕೈಚಾಚಿ ನಿಂತ ಕಂಬದ ಸರಳುಗಳು ಇನ್ನೊಂದು ಅಧ್ಯಾಯ. ಮುಂದೆ ಮಹಡಿ ಎತ್ತುವಾಗ ಬೇಕಾದೀತೆಂದು ಬಿಟ್ಟ ಇವು ಮಳೆ ಕುಡಿದು ತುಕ್ಕನ್ನು ಕಂಬದೊಳಕ್ಕೆ ಇಳಿಸುತ್ತವೆ. ಮಗ ಮಹಡಿ ಎತ್ತುವನೆಂದು ತಂದೆ ಬಿಟ್ಟ ಸರಳಿಗೆ ಮಗ ಬಟ್ಟೆ ಒಣಗಿಸುವ ತಂತಿ ಕಟ್ಟುತ್ತಾನೆ.

ಬದಲಿಸುವ ಕಾಲನಿರ್ಣಯಕ್ಕೆ ಆಯುರ್ವೇದದ ನಾಲ್ಕು ವಿಭಾಗಗಳೇ ಸಾಕು. ಸರಿದ ಹಂಚು, ಎಲೆ ಕಟ್ಟಿಕೊಂಡ ನೀರಿನ ತೂತು ಸುಖಸಾಧ್ಯ. ಒಂದೆರಡು ರೀಪು ಮುರಿದದ್ದು, ತಾರಸಿಯ ಮೇಲುಗಾರೆ ಬಿರಿದದ್ದು ಕಷ್ಟಸಾಧ್ಯ; ಖರ್ಚಿದೆ, ವಾಸಿಯಾಗುತ್ತದೆ. ಮಾಡಿನ ನೆತ್ತಿಯ ಗೆರೆ ಕುದುರೆಯ ಬೆನ್ನಿನಂತೆ ಬಾಗಿದ್ದರೆ, ಪಕಾಸಿಗೆ ಚಾಕು ಚುಚ್ಚಿದಾಗ ಬೆಣ್ಣೆಯಂತೆ ಇಳಿದರೆ, ತಾರಸಿಯ ತಳದಲ್ಲಿ ಅಲ್ಲಲ್ಲಿ ಸರಳು ಹಲ್ಲು ಕಿರಿದರೆ ಅಸಾಧ್ಯ, ತಡಮಾಡದೆ ಇಳಿಸಬೇಕು. ಉಳಿದದ್ದು ಯಾಪ್ಯ, ಅಂದರೆ ವಾಸಿಯಾಗದ ಆದರೆ ಕೊಲ್ಲದ ರೋಗ. ಇದರ ಔಷಧ ನೀಲಿ ಟಾರ್ಪಾಲು. ಈ ಒಂದು ಮಳೆಗಾಲಕ್ಕೆಂದು ತಂದ ಟಾರ್ಪಾಲು ನಾಲ್ಕನೆಯ ಮಳೆಗಾಲದಲ್ಲೂ ಅಲ್ಲೇ ಇದ್ದರೆ, ಅದನ್ನೇ ಚಾವಣಿಯೆಂದು ಕರೆಯುವುದು ಶಾಸ್ತ್ರಸಮ್ಮತ.

ರೋಗದ ತೀವ್ರತೆಯನ್ನು ಪಾತ್ರೆಮಾನದಿಂದ ಅಳೆಯುತ್ತಾರೆ. ಲೋಟ, ಚೊಂಬು, ಬೋಗುಣಿ, ಬಕೆಟ್, ಹಂಡೆ ಎಂಬುದು ಏರುವ ಕ್ರಮ. ಹನಿ ಬೀಳುವ ಜಾಗದ ಮೇಲೇ ತೂತಿದೆಯೆಂದು ಮಾತ್ರ ತಿಳಿಯಬಾರದು. ಪಕಾಸಿನ ಗುಂಟ ಇಳಿದ ನೀರು ನಾಲ್ಕಾರು ಅಡಿ ಪ್ರಯಾಣ ಮಾಡಿ ತನಗೆ ಒಪ್ಪಿದಲ್ಲಿ ಬೀಳುತ್ತದೆ. ಸಾಮಾನ್ಯವಾಗಿ ಬಟ್ಟೆಯ ಕಪಾಟಿನ ಮೇಲೆ.

ಇಷ್ಟಾಗಿಯೂ ಲಕ್ಷಣ ನೋಡಿ ಚಾವಣಿ ಬದಲಿಸಿದವರು ವಿರಳ. ನಿಜವಾದ ಕಾರಣಗಳು ಕೆಳಗೆ ವಾಸಿಸುತ್ತವೆ. ಮಗಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆಂದರೆ ಗಟ್ಟಿಯಿದ್ದ ಮಾಡೂ ಇಳಿಯುತ್ತದೆ. ಪಾಲಿನ ದಾವೆ ಕೋರ್ಟಿನಲ್ಲಿದ್ದರೆ ಮುರಿದ ತೊಲೆಯೂ ನಿಲ್ಲಬೇಕಾಗುತ್ತದೆ. ಅಣ್ಣನ ಪಾಲಿಗೆ ಹೋಗಬಹುದಾದ ಕೋಣೆಯ ಮೇಲೆ ತಮ್ಮ ಹಂಚು ಹಾಕಿಸುವುದುಂಟೆ? ಮುಹೂರ್ತದ ವಿಷಯ ಇನ್ನೂ ಸೂಕ್ಷ್ಮ. ಭರಣಿಯ ಮೊದಲ ಹನಿಗೆ ಊರಿನ ಎಲ್ಲ ಮನೆಗಳಿಗೂ ಒಂದೇ ಆಳಿನ ನೆನಪಾಗುತ್ತದೆ. ಅವನು ಕೃತ್ತಿಕೆಗೆ ಬರುತ್ತೇನೆಂದು ಹೇಳಿ, ರೋಹಿಣಿಗೆ ಏಣಿಯನ್ನು ಮಾತ್ರ ಕಳಿಸಿ, ಮೃಗಶಿರಾದಲ್ಲಿ ಹಂಚು ಜಾರುತ್ತದೆಂಬ ನ್ಯಾಯವಾದ ಕಾರಣ ಕೊಡುತ್ತಾನೆ.

ಕಡೆಯದಾಗಿ, ಕರಾವಳಿ ಮತ್ತು ಮಲೆನಾಡಿನಲ್ಲಿ ಈಗ ಪ್ರಚಲಿತವಿರುವ ಪರಿಹಾರವನ್ನು ಪರಿಶೀಲಿಸಬೇಕು. ಹಂಚು ಸೋರುತ್ತದೆಂದು ಕೆಡವಿ ತಾರಸಿ ಹಾಕಿಸುತ್ತಾರೆ. ತಾರಸಿ ಸೋರುತ್ತದೆಂದು ಅದರ ಮೇಲೆ ಕಬ್ಬಿಣದ ಕಂಬ ನೆಟ್ಟು ಬಣ್ಣದ ಶೀಟು ಹೊದಿಸುತ್ತಾರೆ. ಚಾವಣಿಗೂ ಚಾವಣಿ ಬೇಕಾದರೆ ಆ ಚಾವಣಿಗೆ ಇನ್ನೊಂದು ಬೇಕಾಗುವುದನ್ನು ತರ್ಕಶಾಸ್ತ್ರ ಅನವಸ್ಥಾ ದೋಷ ಎನ್ನುತ್ತದೆ, ಶೀಟಿನ ಅಂಗಡಿಯವರು ಸೀಸನ್ ಎನ್ನುತ್ತಾರೆ. ಶೀಟನ್ನು ಬಿಗಿದ ತಿರುಪಿನ ಕೆಳಗಿನ ರಬ್ಬರ್ ವಾಷರ್ ಕೆಲವು ಬೇಸಿಗೆಗಳಲ್ಲಿ ಬಿಸಿಲಿಗೆ ಒಣಗಿ ಸೀಳುತ್ತದೆ. ಮುಂದಿನ ಮಳೆಗಾಲದಲ್ಲಿ ತಿರುಪಿನ ಗುಂಟ ಹನಿ ಇಳಿಯುತ್ತದೆ. ಆಗ ಕೋಣೆಯಲ್ಲಿದ್ದ ಬಕೆಟನ್ನು ಎತ್ತಿ ತಾರಸಿಯ ಮೇಲೆ ಇಡುತ್ತಾರೆ.