ಪ್ರೊಸೆಸಿಂಗ್‌ನಲ್ಲಿರುವ ಸಿಸ್ಟರ್

ಮಂಗಳೂರು, ಉಡುಪಿ ಕಡೆಯ ಯಾವ ಮದುವೆ ಊಟಕ್ಕೆ ಹೋದರೂ ಈಕೆ ಪಂಕ್ತಿಯಲ್ಲಿ ಇದ್ದೇ ಇರುತ್ತಾಳೆ. ಪಾಯಸ ಬರುವ ಮೊದಲೇ ದೊಡ್ಡಮ್ಮ ಒಬ್ಬರು "ನೀನಿನ್ನೂ ಫಾರಿನ್ನಿಗೆ ಹೋಗ್ಲಿಲ್ವಾ?" ಎಂದು ಕೇಳಿರುತ್ತಾರೆ. "ಪ್ರೊಸೆಸಿಂಗ್‌ನಲ್ಲಿದೆ ದೊಡ್ಡಮ್ಮ" ಎಂದು ಈಕೆ ಎಲೆಯ ಮೇಲಿನ ಕಣ್ಣು ತೆಗೆಯದೆ ಉತ್ತರಿಸಿರುತ್ತಾಳೆ. ಬಿಎಸ್ಸಿ ನರ್ಸಿಂಗ್ ಮುಗಿದಿದೆ, ಐಸಿಯು ಅನುಭವ ಇದೆ, ದೊಡ್ಡ ಸೂಟ್‌ಕೇಸೂ ಬಂದಿದೆ. ಸದ್ಯಕ್ಕೆ ಅದರಲ್ಲಿ ಮನೆಯವರ ಹಳೇ ಬೆಡ್‌ಶೀಟುಗಳಿವೆ. ಊರವರ ಪ್ರಕಾರ ಇದಕ್ಕೆ ಕಾರಣ ಎರಡೇ: ಒಂದೋ ಈಕೆಯ ಗ್ರಹಗತಿ, ಇಲ್ಲವೇ ಈಕೆಯ ಉದಾಸೀನ. ಎರಡೂ ತಪ್ಪು. ನಾಲ್ಕಾರು ಕಚೇರಿಗಳು ಒಂದರ ಗಡಿಯಾರವನ್ನು ಇನ್ನೊಂದು ನೋಡದೆ ಕೆಲಸ ಮಾಡಿದಾಗ ಹುಟ್ಟುವ ಜೀವಿ ಈಕೆ. ವಾರ್ಡಿನಲ್ಲಿ ಔಷಧಿಯ ಎಕ್ಸ್‌ಪೈರಿ ನೋಡುವುದಕ್ಕೆ ಪಳಗಿಸಿದ ಕಣ್ಣನ್ನು ಈ ಕಚೇರಿಗಳು ಆಕೆಯ ಸ್ವಂತ ಕಾಗದಗಳ ಎಕ್ಸ್‌ಪೈರಿ ಕಾಯುವುದಕ್ಕೆ ಹಚ್ಚಿವೆ.

ಈಕೆಯ ಫೈಲನ್ನೇ ಬಿಡಿಸಿ ನೋಡಿ. ಒಂದೊಂದು ಪ್ಲಾಸ್ಟಿಕ್ ಹಾಳೆಯ ಮೂಲೆಯಲ್ಲೂ ಪೆನ್ಸಿಲಿನಲ್ಲಿ ಬರೆದ ಒಂದು ತಾರೀಕು. ಬ್ರಿಟನ್ನಿಗೆ ಹೊರಟವಳಾದರೆ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನ ಅಂಕಕ್ಕೆ 2 ವರ್ಷ ಆಯುಸ್ಸು, ಅಲ್ಲಿನ ನರ್ಸಿಂಗ್ ಕೌನ್ಸಿಲ್ ಕಂಪ್ಯೂಟರಿನಲ್ಲಿ ನಡೆಸುವ ಪರೀಕ್ಷೆಯ ಫಲಿತಾಂಶಕ್ಕೂ 2 ವರ್ಷ, ಕ್ಷಯರೋಗ ಇಲ್ಲವೆಂಬ ಸರ್ಟಿಫಿಕೇಟಿಗೆ 6 ತಿಂಗಳು. ಆಸ್ಪತ್ರೆ ಕಳಿಸುವ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ಹಿಡಿದು ವೀಸಾಕ್ಕೆ ಅರ್ಜಿ ಹಾಕಲು 3 ತಿಂಗಳು. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಒಂದು ಬಸ್ಸಿನಿಂದ ಇಳಿಯುವಷ್ಟರಲ್ಲಿ ಹತ್ತಬೇಕಾದ ಇನ್ನೊಂದು ಹೊರಟುಹೋಗಿರುವ ಹಾಗೆ, ಇಲ್ಲಿ ಒಂದು ಕಾಗದ ಬರುವ ಹೊತ್ತಿಗೆ ಮತ್ತೊಂದು ಸತ್ತಿರುತ್ತದೆ. ಇದರ ಮೇಲೆ ಹೆಸರಿನ ತಕರಾರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಸುಮಾ ಕೆ.ಎನ್., ಪಾಸ್‌ಪೋರ್ಟಿನಲ್ಲಿ ಊರು, ಅಪ್ಪ ಎರಡನ್ನೂ ಬಿಡಿಸಿ ಬರೆದ ಉದ್ದದ ಹೆಸರು, ಮದುವೆಯಾಗಿದ್ದರೆ ಗಂಡನ ಹೆಸರೂ ಬಾಲಕ್ಕೆ. ಸರ್‌ನೇಮ್ ಖಾಲಿ ಬಿಟ್ಟರೆ ಆನ್‌ಲೈನ್ ಫಾರ್ಮು ಮುಂದಕ್ಕೇ ಹೋಗುವುದಿಲ್ಲ. ಇನಿಶಿಯಲ್ಲಿನಲ್ಲೇ ವಂಶವೆಲ್ಲ ಅಡಗಿಸಿಟ್ಟ ಕನ್ನಡದ ಹುಡುಗಿ, ಮೂರೂ ಹೆಸರು ತನ್ನವೇ ಎಂದು ಛಾಪಾಕಾಗದದ ಮೇಲೆ ನೋಟರಿಯ ಎದುರು ಪ್ರಮಾಣ ಮಾಡಬೇಕು.

ಅಮೆರಿಕದ ಕನಸು ಕಂಡವಳ ಪಾಡು ಇನ್ನೂ ಸೊಗಸು. ಅಲ್ಲಿನ ನರ್ಸಿಂಗ್ ಲೈಸೆನ್ಸಿನ ಪರೀಕ್ಷೆ ಎನ್‌ಕ್ಲೆಕ್ಸ್ ಪಾಸಾದರೆ ಗೆದ್ದಂತೆ ಎಂದುಕೊಂಡವಳಿಗೆ ಆಮೇಲೆ ಗೊತ್ತಾಗುವುದು ಗ್ರೀನ್‌ಕಾರ್ಡಿಗೆ ಕಾಯುವ ಇಬಿ-3 ಎಂಬ ಸಾಲು. ಅಲ್ಲಿನ ಕಾನೂನಿನಲ್ಲಿ ಒಂದೊಂದು ದೇಶಕ್ಕೂ ಶೇ. 7ರ ಮಿತಿ ಇದೆ. 2025ರ ಬಹುಪಾಲು ತಿಂಗಳುಗಳಲ್ಲಿ ವೀಸಾ ಬುಲೆಟಿನ್ನು ಈ ಸಾಲಿನ ಭಾರತೀಯರಿಗೆ ತೋರಿಸಿದ್ದು 2013ರ ತಾರೀಕು: ಸರದಿ ಬಂದದ್ದು ಅದಕ್ಕೂ ಮೊದಲು ಸಾಲಿಗೆ ನಿಂತವರಿಗೆ ಮಾತ್ರ. ಆಗ ಈಕೆ ಇನ್ನೂ ಹೈಸ್ಕೂಲಿನಲ್ಲಿದ್ದಳು! ಆದರೆ ಲೆಕ್ಕಕ್ಕೆ ಬರುವುದು ಪೌರತ್ವವಲ್ಲ, ಹುಟ್ಟಿದ ದೇಶ. ಗಂಡ ಹುಟ್ಟಿದ ದೇಶದ ಲೆಕ್ಕದಲ್ಲೂ ಹೋಗಬಹುದು. ಹೀಗಾಗಿ ಕರಾವಳಿಯ ಮದುವೆ ಮಾತುಕತೆಯಲ್ಲಿ ಕುವೈತಿನಲ್ಲಿ ಹುಟ್ಟಿದ ವರನಿಗೆ ಜಾತಕವೇ ಬೇಡ, ಬರ್ತ್ ಸರ್ಟಿಫಿಕೇಟೇ ಸಾಕು. ಅಂಥ ವರ ಸಿಗದವಳು ಕಾಯುತ್ತಾಳೆ. ಅಷ್ಟರಲ್ಲಿ ನರ್ಸಿನ ಅರ್ಹತೆ ತಾಳೆ ನೋಡಿ ಕೊಡುವ 5 ವರ್ಷದ ವೀಸಾಸ್ಕ್ರೀನ್ ಸರ್ಟಿಫಿಕೇಟೂ ಮುಗಿದು, ಅದಕ್ಕೂ ನವೀಕರಣ.

"ರೋಗಿಯ ಪ್ರಾಣದ ಪ್ರಶ್ನೆ, ಪರೀಕ್ಷಿಸದೆ ಬಿಡೋಕಾಗುತ್ತಾ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಬ್ರಿಟನ್ನು ಅಲ್ಲಿಗೆ ಹೋದಮೇಲೆ ನಡೆಸುವ ಆಸ್ಕಿ ಪರೀಕ್ಷೆಯಲ್ಲಿ ಕೈಯ ಕೆಲಸವನ್ನೇ ಎದುರಿಗೆ ನಿಂತು ನೋಡುತ್ತಾರೆ. ಅದಕ್ಕೆ ಯಾರ ಆಕ್ಷೇಪವೂ ಇರಲಾರದು. ಆದರೆ ಆಕೆ ಕಾಲೇಜಿನಲ್ಲಿ ತೆಗೆದ ಅಂಕ ಮುಂದಿನ ವರ್ಷ ಬದಲಾಗುವುದಿಲ್ಲ. ಒಮ್ಮೆ ತಾಳೆ ನೋಡಿದ ಅಂಕಪಟ್ಟಿಯನ್ನು ಇನ್ನೊಂದು ದೇಶದ ಕೌನ್ಸಿಲ್ಲಿಗೆಂದು ಕಾಲೇಜಿನಿಂದ ಪುನಃ ಸೀಲು ಹಾಕಿಸಿ ತರಿಸಿದರೆ ಯಾವ ರೋಗಿಯ ಜ್ವರ ಇಳಿಯುತ್ತದೆ? ಇಂಗ್ಲಿಷಿನದೂ ಇದೇ ಕತೆ. ನಾಲ್ಕು ವರ್ಷ ಇಂಗ್ಲಿಷಿನಲ್ಲೇ ಓದಿ, ಪ್ರತಿ ಶಿಫ್ಟಿನ ಹ್ಯಾಂಡೋವರನ್ನು ಇಂಗ್ಲಿಷಿನಲ್ಲೇ ಬರೆದವಳು, ನೈಟ್ ಡ್ಯೂಟಿ ಮುಗಿಸಿ ಬಂದು 40 ನಿಮಿಷದಲ್ಲಿ 250 ಪದಗಳ ಪ್ರಬಂಧ ಬರೆಯಬೇಕು. ವಿಷಯ ಮೃಗಾಲಯ ಬೇಕೇ ಬೇಡವೇ ಎಂಬಂಥದ್ದು. ಪಾಸಾಗುವುದು ಕಷ್ಟವೆಂದಲ್ಲ. ಪಾಸಾದ ಭಾಷೆಗೂ 2 ವರ್ಷಕ್ಕೆ ಎಕ್ಸ್‌ಪೈರಿ ಇದೆಯಲ್ಲ, ಅದು ತಮಾಷೆ.

ಇನ್ನು ಕೆಲವರದು ದೇಶಭಕ್ತಿಯ ಆಕ್ಷೇಪ: ದುಡ್ಡಿನಾಸೆಗೆ ಓಡುವ ಬದಲು ಇಲ್ಲೇ ಸೇವೆ ಮಾಡಬಾರದೇ? ಮಾಡುತ್ತಲೇ ಇದ್ದಾಳಲ್ಲ. ಅನುಭವಪತ್ರದಲ್ಲಿ ಖಾಲಿ ಜಾಗ ಬೀಳಬಾರದೆಂದು ಕೆಲಸ ಬಿಡುವಂತಿಲ್ಲ. ಹೋಗುವವಳು ಎಂಬ ಹಣೆಪಟ್ಟಿ ಇರುವುದರಿಂದ ಸಂಬಳ ಹೆಚ್ಚಿಸಿ ಎನ್ನುವಂತೆಯೂ ಇಲ್ಲ. ಸುಪ್ರೀಂ ಕೋರ್ಟಿನ 2016ರ ಆದೇಶದ ಮೇರೆಗೆ ರಚನೆಯಾದ ಸಮಿತಿ, 50 ಹಾಸಿಗೆಗೂ ಕಡಿಮೆ ಇರುವ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದೆಂದು ಶಿಫಾರಸು ಮಾಡಬೇಕಾಯಿತು ಎಂದರೆ ಸೇವೆಯ ಬೆಲೆ ಎಷ್ಟಿತ್ತೆಂದು ಊಹಿಸಿಕೊಳ್ಳಬಹುದು. ಈ ವಿಳಂಬದಿಂದ ಲಾಭ ಆಗಿರುವುದು ಇಲ್ಲಿನ ಡ್ಯೂಟಿ ಪಟ್ಟಿಗೆ.

ಕೊನೆಯದಾಗಿ, "ಏಜೆಂಟ್‌ಗೆ ದುಡ್ಡು ಕೊಟ್ಟು ಮುಗಿಸ್ಬಾರ್ದಾ?" ಎನ್ನುವ ಲೋಕಜ್ಞಾನಿಗಳು. ಕ್ಷಯದ ಸರ್ಟಿಫಿಕೇಟನ್ನು ಏಳನೇ ತಿಂಗಳಿಗೆ ಎಳೆಯುವ ಅಥವಾ 2013ರ ತಾರೀಕನ್ನು ಮುಂದಕ್ಕೆ ತಳ್ಳುವ ಏಜೆಂಟ್ ಇನ್ನೂ ಹುಟ್ಟಿಲ್ಲ. ಬೇಗ ಮಾಡಿಸಿಕೊಡುತ್ತೇನೆ ಎನ್ನುವವನು ಮಾರುವುದು ಈಕೆಯ ಅವಸರವನ್ನೇ. ಆದ್ದರಿಂದ ಮನೆಯಲ್ಲೊಬ್ಬಳು ಪ್ರೊಸೆಸಿಂಗ್ ಸಿಸ್ಟರ್ ಇರುವವರು ಒಂದು ವಿಷಯ ನೆನಪಿಟ್ಟುಕೊಳ್ಳಿ: ನಮ್ಮ ವಲಸೆ ನಿಯಮಗಳ ಪ್ರಕಾರ ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ರಸೀದಿ ಕೇಳಿ.